ಒಬ್ಬರೇ ಇರುವ ವಿಭಾಗದಲ್ಲಿ ಸಮಾಜಶಾಸ್ತ್ರ: ಪಾಠ ಹೇಗೆ ಮಾಡಲಿ, ಜೊತೆಗಾರರನ್ನು ಎಲ್ಲಿ ಹುಡುಕಲಿ?

ಪ್ರಶ್ನೆ: ಮೇಡಂ, ನಾನು ತಾಲ್ಲೂಕು ಕೇಂದ್ರವೊಂದರ ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನಲ್ಲಿ ಸಮಾಜಶಾಸ್ತ್ರದ ಅತಿಥಿ ಉಪನ್ಯಾಸಕಿ. ವಿಭಾಗದಲ್ಲಿ ಇರುವುದು ನಾನೊಬ್ಬಳೇ. ಜಾತಿಯ ಅಧ್ಯಾಯ ಶುರು ಮಾಡಿದ ವಾರವೇ ಕೆಲವು ಹುಡುಗರು ಪ್ರಿನ್ಸಿಪಾಲರ ಹತ್ತಿರ ಹೋಗಿ 'ಮೇಡಂ ಕ್ಲಾಸಿನಲ್ಲಿ ಜಾತಿ ಎತ್ತುತ್ತಾರೆ' ಎಂದು ದೂರು ಕೊಟ್ಟರು. ಹಿರಿಯ ಸಹೋದ್ಯೋಗಿಯೊಬ್ಬರು 'ಸುಮ್ನೆ ನೋಟ್ಸ್ ಬರೆಸಿಬಿಡಿ, ಯಾಕೆ ತಲೆನೋವು' ಅಂದರು. ಪಿಎಚ್‌ಡಿಗೂ ಸೇರಿದ್ದೇನೆ, ಗೈಡ್ ಕೈಗೆ ಸಿಗುವುದೇ ಅಪರೂಪ. ನನ್ನ ಪರವಾಗಿ ಒಂದು ಮಾತು ಆಡುವವರು ಇಲ್ಲಿ ಯಾರೂ ಇಲ್ಲ. ಪಾಠವನ್ನು ಹೇಗೆ ಮಾಡಲಿ? ಜೊತೆಗೆ ನಿಲ್ಲುವವರನ್ನು ಎಲ್ಲಿ ಹುಡುಕಲಿ?

ಉತ್ತರ: ನೀವು ಎರಡು ಪ್ರಶ್ನೆ ಕೇಳಿದ್ದೀರಿ. ನನಗೆ ಅವೆರಡೂ ಒಂದೇ ಪ್ರಶ್ನೆ ಅನಿಸುತ್ತದೆ. ನಿಮ್ಮ ಕ್ಲಾಸಿನಲ್ಲಿ ಏನು ನಡೆಯುತ್ತದೆ ಎಂದು ಹೊರಗೆ ಯಾರಿಗೂ ಗೊತ್ತಿಲ್ಲದಿದ್ದರೆ, ಮೊದಲು ಹೋಗಿ ಹೇಳಿದವರ ಮಾತೇ ನಿಜವಾಗಿಬಿಡುತ್ತದೆ. ನಿಮ್ಮ ಕೆಲಸವನ್ನು ಕಣ್ಣಾರೆ ಕಂಡವರು, ಅದರಲ್ಲಿ ಸ್ವಲ್ಪ ಕೈ ಹಾಕಿದವರು ಮಾತ್ರ ನಿಮ್ಮ ಪರವಾಗಿ ಬಾಯಿ ತೆರೆಯುತ್ತಾರೆ. ಹಾಗಾಗಿ ಮೊದಲು ಪಾಠದ ವಿಷಯ, ಆಮೇಲೆ ಜನರ ವಿಷಯ.

ಜಾತಿಯ ಅಧ್ಯಾಯವನ್ನು ಖಂಡಿತ ಬಿಡಬೇಡಿ. ಆದರೆ ವ್ಯಾಖ್ಯೆಯಿಂದ ಶುರು ಮಾಡಬೇಡಿ, ಮೀಸಲಾತಿಯಿಂದಂತೂ ಬೇಡವೇ ಬೇಡ. 'ಜಾತಿ' ಎಂದ ತಕ್ಷಣ ಒಂದಷ್ಟು ಮಕ್ಕಳಿಗೆ ತಮ್ಮನ್ನು ಬೈಯುತ್ತಿದ್ದಾರೆ ಅನಿಸುತ್ತದೆ, ಇನ್ನಷ್ಟು ಮಕ್ಕಳಿಗೆ ತಮ್ಮನ್ನು ಎಲ್ಲರೆದುರು ನಿಲ್ಲಿಸುತ್ತಿದ್ದಾರೆ ಅನಿಸುತ್ತದೆ. ಇಬ್ಬರೂ ಕಿವಿ ಮುಚ್ಚಿಕೊಳ್ಳುತ್ತಾರೆ. ಇನ್ನೊಂದು ಮಾತು, ಇದರಲ್ಲಿ ರಾಜಿಯೇ ಇಲ್ಲ: ಕ್ಲಾಸಿನಲ್ಲಿ ಯಾರ ಜಾತಿಯನ್ನೂ ಕೇಳಬೇಡಿ. ಕೈ ಎತ್ತಿಸುವುದು ಬೇಡ, ಸರ್ವೆ ನೆಪದಲ್ಲೂ ಬೇಡ. ಸ್ಕಾಲರ್‌ಶಿಪ್ ಪಟ್ಟಿ ಓದುವಾಗ ಎಷ್ಟು ಮಕ್ಕಳು ತಲೆ ತಗ್ಗಿಸಿ ಕೂರುತ್ತಾರೆ ಎಂದು ನೀವೇ ನೋಡಿರುತ್ತೀರಿ.

ಹಾಗಾದರೆ ಎಲ್ಲಿಂದ ಶುರು ಮಾಡುವುದು? ಮದುವೆ ಕಾಗದದಿಂದ. ನೀವೇ ಬೇರೆ ಬೇರೆ ಊರುಗಳಿಂದ ಇಪ್ಪತ್ತು ಮೂವತ್ತು ಹಳೆಯ ಲಗ್ನಪತ್ರಿಕೆ ಸೇರಿಸಿಕೊಂಡು ಬನ್ನಿ. ಕ್ಲಾಸಿನ ಮಕ್ಕಳ ಮನೆಯವು ಬೇಡ. ನಾಲ್ಕು ನಾಲ್ಕು ಜನರ ಗುಂಪಿಗೆ ಕೊಟ್ಟು, ಮೇಲಿನಿಂದ ಕೆಳಗೆ ಒಂದೊಂದೇ ಸಾಲು ಓದಲು ಹೇಳಿ. ತಲೆಯ ಮೇಲೆ ಯಾವ ದೇವರ ಹೆಸರಿದೆ? ಅದು ಮನೆದೇವರೋ, ಊರಿನ ದೇವರೋ? ವರನ ಹೆಸರಿನ ಹಿಂದೆ 'ಚಿ. ರಾ.' ಇದೆ, ವಧುವಿನ ಹಿಂದೆ 'ಚಿ. ಸೌ.' ಅಥವಾ 'ಚಿ. ಕುಂ. ಸೌ.' ಇದೆ. ಯಾರ ಮೊಮ್ಮಗ, ಯಾರ ಮೊಮ್ಮಗಳು ಎಂದು ಹೇಳುವಾಗ ಅಜ್ಜಿಯ ಹೆಸರು ಬಂದಿದೆಯಾ? ಹೆಸರಿನ ಮುಂದೆ ಬಿ.ಇ. ಅಂತಲೋ, ಕಂಪನಿ ಹೆಸರೋ ಹಾಕಿದ್ದಾರಾ? ಹುಡುಗಿಯ ಓದನ್ನೂ ಹಾಕಿದ್ದಾರಾ, ಹುಡುಗನದು ಮಾತ್ರವಾ? ಕೆಳಗೆ 'ಸುಖಾಗಮನ ಬಯಸುವವರು' ಎಂಬಲ್ಲಿ ಸೋದರಮಾವನ ಹೆಸರು ಎಷ್ಟನೆಯದು? ಆ ಇಬ್ಬರ ಊರುಗಳ ನಡುವೆ ಎಷ್ಟು ದೂರ?

ಬಂಧುತ್ವ, ಪಿತೃಪ್ರಧಾನ ಕುಟುಂಬ, ವರ್ಗ, ವಲಸೆ ಎಲ್ಲವೂ ಆ ಒಂದು ಕಾಗದದಲ್ಲಿ ಸಿಗುತ್ತವೆ. ಹಿಂದಿನ ಬೆಂಚಿನ ಹುಡುಗರು ಇದರಲ್ಲಿ ಮುಂದಿನವರಿಗಿಂತ ಚುರುಕು. ಯಾಕೆಂದರೆ ಇದು ಅವರಿಗೆ ಗೊತ್ತಿರುವ ಲೋಕ.

ಮಾರನೆಯ ದಿನ ಎಲ್ಲರಿಗೂ ಒಂದೊಂದು ಖಾಲಿ ಚೀಟಿ ಕೊಡಿ. 'ನೀವು ಕೊನೆಗೆ ಹೋಗಿಬಂದ ಹತ್ತು ಮದುವೆಗಳಲ್ಲಿ ಎಷ್ಟು ಮದುವೆಗಳಿಗೆ ಗಂಡು ಹೆಣ್ಣು ಎರಡೂ ಕಡೆಯವರು ಒಂದೇ ಜನ? ಸಂಖ್ಯೆ ಮಾತ್ರ ಬರೆಯಿರಿ. ನಿಮ್ಮ ಹೆಸರು ಬೇಡ, ಜಾತಿ ಹೆಸರೂ ಬೇಡ' ಎನ್ನಿ. ಚೀಟಿಗಳನ್ನು ಕಲಸಿ, ಸಂಖ್ಯೆಗಳನ್ನು ಬೋರ್ಡಿನ ಮೇಲೆ ಬರೆಯಿರಿ. ಆಮೇಲೆ ನೀವು ಜಾಸ್ತಿ ಮಾತಾಡಬೇಕಾಗಿಲ್ಲ. ತಮ್ಮ ತಮ್ಮೊಳಗೇ ಮದುವೆಯಾಗುವ ಈ ಕಟ್ಟುಪಾಡಿಗೆ ಒಳವಿವಾಹ ಎನ್ನುತ್ತಾರೆ ಎಂದು ಬೋರ್ಡಿನ ಮೇಲೆ ಬರೆದು, ಅಂಬೇಡ್ಕರರನ್ನು ಒಳಗೆ ಕರೆಯಿರಿ.

1916ರ ಮೇ 9ರಂದು ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ, ಪ್ರೊ. ಗೋಲ್ಡನ್‌ವೈಸರ್ ನಡೆಸುತ್ತಿದ್ದ ಮಾನವಶಾಸ್ತ್ರ ಸೆಮಿನಾರಿನಲ್ಲಿ ಅಂಬೇಡ್ಕರ್ 'ಕ್ಯಾಸ್ಟ್ಸ್ ಇನ್ ಇಂಡಿಯಾ' ಎಂಬ ಪ್ರಬಂಧ ಓದಿದರು. ಆಗ ಅವರಿಗೆ 25 ವರ್ಷ. ನಿಮ್ಮ ವಿದ್ಯಾರ್ಥಿಗಳಿಗಿಂತ ನಾಲ್ಕೈದು ವರ್ಷ ದೊಡ್ಡವರು ಅಷ್ಟೇ, ಇದನ್ನು ಮಕ್ಕಳಿಗೆ ಹೇಳಿ. ಜಾತಿಯ ತಿರುಳು ಇರುವುದು ಒಳವಿವಾಹದಲ್ಲಿ ಎಂಬುದು ಅವರ ವಾದ. ಒಂದು ಗುಂಪು ತನ್ನೊಳಗೇ ಮದುವೆ ಮಾಡಿಕೊಳ್ಳಬೇಕಾದರೆ ಅಲ್ಲಿ ಗಂಡು ಹೆಣ್ಣಿನ ಲೆಕ್ಕ ಸರಿಹೋಗಬೇಕು. ಗಂಡ ಸತ್ತ ಹೆಣ್ಣು ಆ ಲೆಕ್ಕದಲ್ಲಿ 'ಹೆಚ್ಚಾಗಿ' ಉಳಿಯುತ್ತಾಳೆ. ಸತಿ, ಬಲವಂತದ ವೈಧವ್ಯ, ಬಾಲ್ಯವಿವಾಹ ಇವೆಲ್ಲ ಆ ಲೆಕ್ಕ ಸರಿಮಾಡಲು ಹುಟ್ಟಿಕೊಂಡ ಪದ್ಧತಿಗಳು ಎಂದು ಅವರು ತೋರಿಸುತ್ತಾರೆ. ಈ ಜಾಗಕ್ಕೆ ಬಂದಾಗ ಹೆಣ್ಣುಮಕ್ಕಳ ಮುಖ ನೋಡಿ. ಅಲ್ಲಿಯವರೆಗೆ 'ಅವರ' ವಿಷಯವಾಗಿದ್ದ ಜಾತಿ ಪ್ರತಿ ಮನೆಯ ಹೆಣ್ಣುಮಗಳ ವಿಷಯವಾಗುತ್ತದೆ.

ಇದಾದ ಮೇಲೆ ನಮ್ಮ ಮೈಸೂರಿಗೇ ಬನ್ನಿ. ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ ಹುಟ್ಟಿದ್ದು 1916ರಲ್ಲಿ, ಮೈಸೂರಿನಲ್ಲಿ. 1948ರಲ್ಲಿ ಮೈಸೂರಿನ ಹತ್ತಿರದ ಹಳ್ಳಿಯೊಂದರಲ್ಲಿ ಇದ್ದು ಅಧ್ಯಯನ ಮಾಡಿದರು. 'ದಿ ರಿಮೆಂಬರ್ಡ್ ವಿಲೇಜ್' ಎಂಬ ಪುಸ್ತಕದಲ್ಲಿ ಅದಕ್ಕೆ ರಾಂಪುರ ಎಂದು ಹೆಸರಿಟ್ಟರು. ಸಂಸ್ಕೃತೀಕರಣ (ಕೆಳಗಿನ ಜಾತಿ ಮೇಲುಜಾತಿಯ ಆಚಾರ ಅನುಸರಿಸಿ ಮೇಲೇರಲು ನೋಡುವುದು), ಪ್ರಬಲ ಜಾತಿ (ಜನಬಲ, ಜಮೀನು, ಅಧಿಕಾರದಿಂದ ಊರಿನಲ್ಲಿ ಮೇಲುಗೈ ಇರುವ ಜಾತಿ) ಎಂಬ ಅವರ ಮಾತುಗಳು ಎಲ್ಲ ನೋಟ್ಸ್‌ಗಳಲ್ಲೂ ಇವೆ, ಬಹಳಷ್ಟು ನೋಟ್ಸ್ ಅಲ್ಲಿಗೇ ನಿಲ್ಲುತ್ತವೆ. ನೀವು ನಿಲ್ಲಿಸಬೇಡಿ. ಮೈಸೂರು ವಿಶ್ವವಿದ್ಯಾಲಯದಲ್ಲೇ ಸಮಾಜಶಾಸ್ತ್ರ ಕಲಿಸಿದ ಪ್ರೊ. ಸಿ. ಪಾರ್ವತಮ್ಮ ಇದ್ದರಲ್ಲ, ದಲಿತ ಸಮುದಾಯದಿಂದ ಬಂದು ಮ್ಯಾಂಚೆಸ್ಟರ್‌ನಲ್ಲಿ ಡಾಕ್ಟರೇಟ್ ಮಾಡಿದವರು, ಅವರು 1978ರಲ್ಲಿ 'ಕಾಂಟ್ರಿಬ್ಯೂಷನ್ಸ್ ಟು ಇಂಡಿಯನ್ ಸೋಷಿಯಾಲಜಿ' ಪತ್ರಿಕೆಯಲ್ಲಿ ಶ್ರೀನಿವಾಸರ ಆ ಪುಸ್ತಕವನ್ನು ವಿಮರ್ಶೆ ಮಾಡಿ, ಅದನ್ನು ಬ್ರಾಹ್ಮಣ ದೃಷ್ಟಿಯ ಪಯಣ ಎಂದು ಕರೆದರು. ಹಳ್ಳಿಯನ್ನು ತಾನು ನೋಡಿದ್ದು ಮೇಲುಜಾತಿಯವರ ಕಡೆಯಿಂದ ಎಂದು ಶ್ರೀನಿವಾಸರೂ ಪುಸ್ತಕದಲ್ಲೇ ಒಪ್ಪಿಕೊಂಡಿದ್ದಾರೆ.

ಅರ್ಧ ಕ್ಲಾಸಿಗೆ ಶ್ರೀನಿವಾಸರ ಪಕ್ಷ ಕೊಡಿ, ಅರ್ಧಕ್ಕೆ ಪಾರ್ವತಮ್ಮನವರ ಪಕ್ಷ ಕೊಡಿ. ದೂರು ಕೊಟ್ಟ ಹುಡುಗರನ್ನು ಪಾರ್ವತಮ್ಮನವರ ಕಡೆಗೆ ಹಾಕಿ. ಶಿಕ್ಷೆಯ ಹಾಗೆ ಬೇಡ, ನಂಬಿಕೆಯಿಂದ ಹಾಕಿ. 'ಇದೇ ಹಳ್ಳಿಯನ್ನು ಕೇರಿಯಲ್ಲಿ ಕೂತು ನೋಡಿದ್ದರೆ ಏನು ಕಾಣುತ್ತಿತ್ತು' ಎಂದು ಅವರೇ ಯೋಚಿಸಲಿ. ಜಗಳ ನಿಮ್ಮ ಮತ್ತು ಹುಡುಗರ ನಡುವೆ ಇರುವುದು ತಪ್ಪಿ, ಇಬ್ಬರು ದೊಡ್ಡ ವಿದ್ವಾಂಸರ ನಡುವೆ ಹೋಗುತ್ತದೆ. ಆ ಹುಡುಗರನ್ನು ಒಮ್ಮೆ ಕ್ಲಾಸಿನ ಹೊರಗೆ, ಒಬ್ಬೊಬ್ಬರನ್ನೇ ಮಾತಾಡಿಸಿ. ಯಾವ ಮಾತು ಚುಚ್ಚಿತು ಎಂದು ಕೇಳಿ. ಸಾಮಾನ್ಯವಾಗಿ ಒಂದೇ ಒಂದು ವಾಕ್ಯ ಇರುತ್ತದೆ.

ಲಿಂಗತ್ವದ ಅಧ್ಯಾಯಕ್ಕೂ ಇದೇ ದಾರಿ. ಕೇಂದ್ರ ಸರ್ಕಾರದ 2019ರ ಸಮಯ ಬಳಕೆ ಸಮೀಕ್ಷೆಯಲ್ಲಿ, ಸಂಬಳವಿಲ್ಲದ ಮನೆಗೆಲಸ ಮಾಡುವವರ ಪೈಕಿ ಹೆಂಗಸರು ದಿನಕ್ಕೆ ಸರಾಸರಿ 299 ನಿಮಿಷ, ಗಂಡಸರು 97 ನಿಮಿಷ ಕೊಡುತ್ತಾರೆ ಎಂದು ಬಂತು. ಮೊದಲೇ ಈ ಅಂಕಿ ಹೇಳಬೇಡಿ. ಮನೆಯಲ್ಲಿ ಯಾರು ಎಷ್ಟು ಗಂಟೆಗೆ ಎದ್ದರು, ಏನು ಮಾಡಿದರು ಎಂದು ಒಂದು ಭಾನುವಾರ ಬರೆದುಕೊಂಡು ಬರಲಿ. ಆಮೇಲೆ ಹೋಲಿಸಲಿ.

ಈಗ ಪ್ರಿನ್ಸಿಪಾಲರು. ಅವರಿಗೆ ಸಮಾಜಶಾಸ್ತ್ರದ ಭಯ ಇರುವುದಿಲ್ಲ. ಊರಿನ ಮುಖಂಡರ ಫೋನಿನ ಭಯ, ಪೇಪರಿನಲ್ಲಿ ಸುದ್ದಿ ಬರುವ ಭಯ ಇರುತ್ತದೆ. ಫೋನ್ ಬಂದಾಗ ಹೇಳಲು ಅವರ ಕೈಯಲ್ಲಿ ಏನಾದರೂ ಇರಬೇಕು, ಅಲ್ವಾ? ಪ್ರತಿ ಸೆಮಿಸ್ಟರ್ ಶುರುವಿನಲ್ಲಿ ಸಿಲೆಬಸ್‌ನ ಆ ಪುಟದ ಜೆರಾಕ್ಸ್ ತೆಗೆದು, ಅಧ್ಯಾಯದ ಕೆಳಗೆ ಗೆರೆ ಎಳೆದು, ಅರ್ಧ ಪುಟದ ಪಾಠದ ಯೋಜನೆ ಜೊತೆಗಿಟ್ಟು ಅವರಿಗೆ ಕೊಡಿ. 'ಸರ್, ಮುಂದಿನ ವಾರ ಈ ಅಧ್ಯಾಯ. ಈ ರೀತಿ ಮಾಡುತ್ತೇನೆ. ಬಿಡುವಿದ್ದರೆ ಒಂದು ಕ್ಲಾಸಿಗೆ ಬನ್ನಿ' ಎನ್ನಿ. ಬರಲಿ, ಬಿಡಲಿ, ಕರೆದದ್ದು ನೆನಪಿರುತ್ತದೆ. ವರ್ಕ್ ಡೈರಿಯನ್ನು ಅವತ್ತವತ್ತೇ ಬರೆಯಿರಿ. ಇಷ್ಟು ಮಾಡಿದರೆ ಮುಂದಿನ ದೂರಿಗೆ ಅವರೇ ಉತ್ತರ ಕೊಡುತ್ತಾರೆ, ನಿಮ್ಮನ್ನು ಕರೆಸುವ ಅಗತ್ಯ ಬೀಳದೆ ಇರಬಹುದು.

'ನನ್ನ ಪರವಾಗಿ ಮಾತಾಡುವವರು ಯಾರೂ ಇಲ್ಲ' ಎಂದು ಬರೆದಿದ್ದೀರಿ. ನಿಮ್ಮ ಮನಸ್ಸಿನಲ್ಲಿ ಇರುವುದು ಎಲ್ಲವೂ ಆಗಬಲ್ಲ ಒಬ್ಬ ವ್ಯಕ್ತಿ ಅನಿಸುತ್ತದೆ: ಓದಿ ತಿದ್ದಬೇಕು, ನಿಯಮ ಹೇಳಬೇಕು, ಮೀಟಿಂಗಿನಲ್ಲಿ ಬೆಂಬಲಿಸಬೇಕು, ಮನಸ್ಸಿಗೆ ಬೇಜಾರಾದಾಗ ಕೇಳಬೇಕು. ಅಂಥವರು ಸಿಗುವುದು ಕಷ್ಟ. ಸಿಕ್ಕರೂ ಆ ಒಬ್ಬರಿಗೆ ವರ್ಗವಾದ ದಿನ ನೀವು ಮತ್ತೆ ಒಂಟಿ. ಬೇರೆ ಬೇರೆ ಕೆಲಸಕ್ಕೆ ಬೇರೆ ಬೇರೆ ಜನ ಇರಲಿ. ಅವರು ನಿಮ್ಮ ಹಾಗೇ ಯೋಚಿಸಬೇಕು ಎಂದೂ ಇಲ್ಲ.

ನಿಯಮ ಗೊತ್ತಿರುವುದು ಕಚೇರಿಯ ಪ್ರಥಮ ದರ್ಜೆ ಸಹಾಯಕರಿಗೆ (ಎಫ್‌ಡಿಎ). ಅತಿಥಿ ಉಪನ್ಯಾಸಕರ ಬಿಲ್ಲು ಯಾವಾಗ ಹೋಗುತ್ತದೆ, ಯಾವ ಆದೇಶ ಯಾವಾಗ ಬಂತು ಎಂದು ಅವರ ಬಾಯಲ್ಲೇ ಇರುತ್ತದೆ. ಪುಸ್ತಕ ತರಿಸುವುದು ಗ್ರಂಥಪಾಲಕರ ಕೈಯಲ್ಲಿದೆ. ಕೊಳ್ಳಬೇಕಾದ ಪುಸ್ತಕದ ಪಟ್ಟಿಯನ್ನು ಪ್ರಕಾಶಕರ ಹೆಸರು, ಬೆಲೆ ಸಮೇತ ಬರೆದುಕೊಟ್ಟರೆ ಅವರಿಗೂ ಅರ್ಧ ಕೆಲಸ ಮುಗಿಯುತ್ತದೆ.

ಎನ್ಎಸ್ಎಸ್ ಅಧಿಕಾರಿಯ ವಿಷಯ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಸಮಾಜಶಾಸ್ತ್ರಕ್ಕೆ ಕಾಲೇಜಿನಲ್ಲಿ ಇದಕ್ಕಿಂತ ಒಳ್ಳೆಯ ಜೊತೆ ಸಿಗುವುದಿಲ್ಲ. ಎನ್ಎಸ್ಎಸ್‌ಗೆ ಹಳ್ಳಿಯಲ್ಲಿ ಏಳು ದಿನದ ವಿಶೇಷ ಶಿಬಿರ ಇರುತ್ತದೆ. ಬೆಳಿಗ್ಗೆ ಶ್ರಮದಾನ, ಸಂಜೆ ಭಾಷಣ, ಮನರಂಜನೆ. ಮಧ್ಯಾಹ್ನ ಏನು ಮಾಡಿಸುವುದು ಎಂದು ಅವರಿಗೇ ಚಿಂತೆ. ನೀವು ಹೋಗಿ, 'ಸರ್, ಮನೆ ಮನೆ ಸಮೀಕ್ಷೆಯ ಪ್ರಶ್ನಾವಳಿ ನಾನು ಮಾಡಿಕೊಡುತ್ತೇನೆ. ನಮ್ಮ ಮಕ್ಕಳು ಮಾಡುತ್ತಾರೆ, ವರದಿಯನ್ನೂ ನಾನೇ ಬರೆದುಕೊಡುತ್ತೇನೆ' ಎನ್ನಿ. ನೀರು ಎಲ್ಲಿಂದ ಬರುತ್ತದೆ, ಯಾರು ಹೊರುತ್ತಾರೆ, ಬಸ್ ಎಷ್ಟು ದೂರ, ಮನೆಯಿಂದ ಬೆಂಗಳೂರಿಗೆ ದುಡಿಯಲು ಹೋದವರು ಯಾರು, ಹಿಂತಿರುಗಿ ಬಂದವರು ಯಾರು, ಇಷ್ಟು ಸಾಕು. ಎರಡು ಪುಟ ಮೀರಬಾರದು. ಊರಿನ ನಕ್ಷೆಯನ್ನು ಮಕ್ಕಳೇ ಬರೆಯಲಿ. ಗುಡಿ, ಕೊಳವೆಬಾವಿ, ಅಂಗಡಿ, ಅಂಗನವಾಡಿ ಯಾವ ಬೀದಿಯಲ್ಲಿವೆ, ಕೇರಿಯಿಂದ ಅವು ಎಷ್ಟು ಹೆಜ್ಜೆ ಎಂದು ನಡೆದು ಅಳೆಯಲಿ. ಪ್ರಬಲ ಜಾತಿ ಎಂದರೇನು ಎಂದು ಆಮೇಲೆ ವಿವರಿಸಬೇಕಾಗಿಲ್ಲ. ನಿಮ್ಮ ಮಕ್ಕಳಿಗೆ ಕ್ಷೇತ್ರಕಾರ್ಯ ಆಯಿತು, ಅವರಿಗೆ ವರದಿ ಸಿಕ್ಕಿತು, ನ್ಯಾಕ್ (ಕಾಲೇಜಿಗೆ ಗುಣಮಟ್ಟದ ಮಾನ್ಯತೆ ಕೊಡುವ ಸಂಸ್ಥೆ) ಕಡತಕ್ಕೆ ದಾಖಲೆ ಬೇಕೆಂದು ಓಡಾಡುವ ಐಕ್ಯೂಎಸಿ, ಅಂದರೆ ಕಾಲೇಜಿನ ಆಂತರಿಕ ಗುಣಮಟ್ಟ ಘಟಕದ, ಸಂಯೋಜಕರಿಗೂ ಅನುಕೂಲ. ಒಂದು ಶಿಬಿರ ಮುಗಿಯುವುದರೊಳಗೆ ನಿಮ್ಮ ಕೆಲಸ ಬಲ್ಲವರು ಮಕ್ಕಳಲ್ಲದೆ ಇನ್ನಿಬ್ಬರು ಆದರು.

ಕನ್ನಡ ವಿಭಾಗದ ಜೊತೆಗೂ ಒಂದು ಕ್ಲಾಸು ಸೇರಿ ಮಾಡಿ. ಅವರು ದಲಿತ ಬಂಡಾಯ ಸಾಹಿತ್ಯ ಕಲಿಸುತ್ತಾರೆ, ಜಾನಪದ ಕಲಿಸುತ್ತಾರೆ. ಬೀಸುವ ಪದಗಳಲ್ಲಿ ತವರುಮನೆ ಎಷ್ಟು ಬರುತ್ತದೆ, ಗಂಡನ ಮನೆ ಹೇಗೆ ಬರುತ್ತದೆ ಎಂದು ಇಬ್ಬರೂ ಸೇರಿ ಕಲಿಸಿದರೆ ಅದಕ್ಕಿಂತ ಚೆಂದದ ಕುಟುಂಬದ ಪಾಠ ಇಲ್ಲ.

'ಸುಮ್ನೆ ನೋಟ್ಸ್ ಬರೆಸಿ' ಎಂದವರನ್ನು ವಿರೋಧಿ ಎಂದು ಲೆಕ್ಕ ಹಾಕಬೇಡಿ. ಅವರಿಗೂ ಹಿಂದೆ ಇಂಥದ್ದೇ ಏನಾದರೂ ಆಗಿರಬಹುದು. ಅವರ ಹತ್ತಿರ 'ಬೆಂಬಲ ಕೊಡಿ' ಎಂದು ಕೇಳಬೇಡಿ. ಹಿಂದಿನ ಐದು ವರ್ಷದ ಪ್ರಶ್ನೆಪತ್ರಿಕೆ ಇದೆಯಾ ಎಂದು ಕೇಳಿ. ಇಂಥ ದೂರು ಬಂದಾಗ ನೀವು ಏನು ಮಾಡಿದ್ದಿರಿ ಎಂದು ಕೇಳಿ. ದೊಡ್ಡ ಮಾತಿಗೆ ಜನ ಹಿಂಜರಿಯುತ್ತಾರೆ, ಚಿಕ್ಕ ಕೆಲಸಕ್ಕೆ ಹೂಂ ಅನ್ನುತ್ತಾರೆ. ಖಾಸಗಿಯಾಗಿ 'ನೀವು ಹೇಳುವುದು ಸರಿ ಮೇಡಂ' ಎಂದು, ಮೀಟಿಂಗಿನಲ್ಲಿ ಸುಮ್ಮನೆ ಕೂರುವವರೂ ಸಿಗುತ್ತಾರೆ. ಅವರ ಮೇಲೆ ಸಿಟ್ಟಾಗಬೇಡಿ, ಹಾಗೆಯೇ ಅವರನ್ನು ನಂಬಿ ಮೀಟಿಂಗಿಗೆ ಹೋಗಲೂಬೇಡಿ. ಏನು ಹೇಳಬೇಕೋ ಬರವಣಿಗೆಯಲ್ಲಿ ಕೊಡಿ.

ಕಾಲೇಜಿನ ಹೊರಗೆ ನಿಮಗೆ ಬಹಳ ಜನ ಇದ್ದಾರೆ. ಒಬ್ಬರೇ ಇರುವ ಸಮಾಜಶಾಸ್ತ್ರ ವಿಭಾಗ ನಿಮ್ಮದೊಂದೇ ಅಲ್ಲ. ಅವರೆಲ್ಲ ಸಿಗುವ ಜಾಗ ಮೌಲ್ಯಮಾಪನ ಕೇಂದ್ರ. ಉತ್ತರ ಪತ್ರಿಕೆ ತಿದ್ದಿ, ಊಟ ಮಾಡಿ, ಬಸ್ ಹಿಡಿಯುವ ಅವಸರದಲ್ಲಿ ಯಾರೂ ಸರಿಯಾಗಿ ಮಾತಾಡುವುದಿಲ್ಲ. ಮುಂದಿನ ಸಲ ಪಕ್ಕದ ತಾಲ್ಲೂಕುಗಳ ಮೂವರನ್ನು ಆರಿಸಿಕೊಳ್ಳಿ. ನೂರು ಜನರ ವಾಟ್ಸ್ಆ್ಯಪ್ ಗುಂಪು ಬೇಡ, ನಾಲ್ಕು ಜನ ಸಾಕು. ತಿಂಗಳಿಗೊಮ್ಮೆ ಒಬ್ಬೊಬ್ಬರು ತಾವು ಮಾಡಿದ ಒಂದು ಪಾಠವನ್ನು, ಅದು ಎಲ್ಲಿ ಕೈಕೊಟ್ಟಿತು ಎಂಬುದನ್ನೂ ಸೇರಿಸಿ ಬರೆದು ಕಳಿಸಲಿ. ಅವರ ಕಾಲೇಜಿಗೆ ನೀವು ಹೋಗಿ ಒಂದು ವಿಶೇಷ ಉಪನ್ಯಾಸ ಕೊಡಿ, ನಿಮ್ಮಲ್ಲಿಗೆ ಅವರು ಬರಲಿ. ಮಕ್ಕಳಿಗೆ ಹೊಸ ದನಿ ಕೇಳಿಸುತ್ತದೆ. ಜಾತಿಯ ಪಾಠ ಮಾಡುವುದು ನೀವೊಬ್ಬರೇ ಅಲ್ಲ ಎಂದು ಊರಿಗೂ ಗೊತ್ತಾಗುತ್ತದೆ.

ಇದರಾಚೆಗೆ ಇಂಡಿಯನ್ ಸೋಷಿಯಲಾಜಿಕಲ್ ಸೊಸೈಟಿ ಇದೆ. 1951ರಲ್ಲಿ ಶುರುವಾದದ್ದು. 'ಸೋಷಿಯಲಾಜಿಕಲ್ ಬುಲೆಟಿನ್' ಅದರದೇ ಪತ್ರಿಕೆ. ಅದರ ಸಮ್ಮೇಳನಕ್ಕೆ ಒಮ್ಮೆಯಾದರೂ ಹೋಗಿ. ದೊಡ್ಡವರ ಜೊತೆ ಫೋಟೊ ತೆಗೆಸಿಕೊಳ್ಳಲು ಹೋಗಬೇಡಿ. ನಿಮ್ಮ ವಿಷಯದಲ್ಲೇ ಕೆಲಸ ಮಾಡುವ ಒಬ್ಬರ ಪ್ರಬಂಧ ಕೇಳಿ, ಊರಿಗೆ ಬಂದ ಮೇಲೆ ಚಿಕ್ಕದೊಂದು ಮೇಲ್ ಹಾಕಿ. ಹೀಗೆ: 'ನಮಸ್ಕಾರ ಮೇಡಂ. ನಿಮ್ಮ ಪ್ರಬಂಧದಲ್ಲಿ ವಲಸೆ ಹೋದ ಗಂಡಸರ ಮನೆಯಲ್ಲಿ ಜಮೀನಿನ ತೀರ್ಮಾನ ಹೆಂಗಸರ ಕೈಗೆ ಬರುತ್ತದೆ ಎಂದಿರಿ. ನಮ್ಮ ತಾಲ್ಲೂಕಿನಲ್ಲಿ ನಾನು ನೋಡಿದ ಮನೆಗಳಲ್ಲಿ ತೀರ್ಮಾನ ಮೈದುನನ ಕೈಗೆ ಹೋಗಿದೆ. ಈ ವ್ಯತ್ಯಾಸ ಯಾಕಿರಬಹುದು? ಒಂದು ಪುಟದ ಟಿಪ್ಪಣಿ ಜೊತೆಗಿದೆ.' ಇಂಥ ಕಾಗದಕ್ಕೆ ಉತ್ತರ ಬರುವ ಸಾಧ್ಯತೆ ಜಾಸ್ತಿ. 'ಮಾರ್ಗದರ್ಶನ ಮಾಡಿ' ಎಂದು ಬರೆದರೆ, ಪಾಪ, ಅವರಿಗೆ ಏನು ಉತ್ತರ ಕೊಡಬೇಕೆಂದೇ ತೋಚುವುದಿಲ್ಲ.

ಸಹಾಯ ಎಂದರೆ ಎಷ್ಟು ಚಿಕ್ಕದಿರಬಹುದು ಎನ್ನುವುದಕ್ಕೆ ಶ್ರೀನಿವಾಸರದ್ದೇ ಉದಾಹರಣೆ ಇದೆ. 1970ರ ಏಪ್ರಿಲ್‌ನಲ್ಲಿ ಅವರು ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಇದ್ದಾಗ ಯಾರೋ ಆ ಕಟ್ಟಡಕ್ಕೆ ಬೆಂಕಿ ಹಚ್ಚಿದರು. ರಾಂಪುರದ ಬಗ್ಗೆ ವರ್ಷಗಟ್ಟಲೆ ಕೂತು ಜೋಡಿಸಿದ್ದ ಟಿಪ್ಪಣಿಗಳ ಮೂರೂ ಪ್ರತಿಗಳು ಅವರ ಕೋಣೆಯಲ್ಲೇ ಇದ್ದವು, ಸುಟ್ಟುಹೋದವು. ಆಗ ಸಾಲ್ ಟ್ಯಾಕ್ಸ್ ಎಂಬ ಷಿಕಾಗೋದ ಮಾನವಶಾಸ್ತ್ರಜ್ಞರು, ನೆನಪಿನಿಂದಲೇ ಬರೆಯಿರಿ ಎಂದು ಸಲಹೆ ಕೊಟ್ಟರು. ಆ ಪುಸ್ತಕ 1976ರಲ್ಲಿ ಬಂತು, ನಾವೆಲ್ಲ ಇವತ್ತಿಗೂ ಓದುತ್ತಿದ್ದೇವೆ. ಟ್ಯಾಕ್ಸ್ ಕೊಟ್ಟದ್ದು ಒಂದು ಮಾತು. ಕೆಲಸ ಬಲ್ಲವರು ಹೇಳಿದ ಮಾತಾದ್ದರಿಂದ ಅದು ನಾಟಿತು. (ನಿಮ್ಮ ಪಿಎಚ್‌ಡಿ ಟಿಪ್ಪಣಿಗಳ ಪ್ರತಿಯನ್ನು ದಯವಿಟ್ಟು ಎರಡು ಕಡೆ ಇಡಿ.)

ಗೈಡ್ ವಿಷಯ. 'ಸರ್, ಯಾವಾಗ ಸಿಗುತ್ತೀರಿ' ಎಂದು ಕೇಳುವುದನ್ನು ಬಿಟ್ಟು, ನಾಲ್ಕು ಪುಟ ಬರೆದು ಎರಡು ಪ್ರಶ್ನೆ ಹಾಕಿ ಮೇಲ್ ಮಾಡಿ. ತಿಂಗಳಿಗೊಂದು. ಉತ್ತರ ಬರದಿದ್ದರೂ ನಿಲ್ಲಿಸಬೇಡಿ, ದಿನಾಂಕ ಸಮೇತ ದಾಖಲೆ ಉಳಿಯುತ್ತದೆ. ಇನ್ನೊಂದು ವಿಷಯ ಬಹಳ ಜನ ಗಮನಿಸುವುದಿಲ್ಲ. ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) ನಿಯಮದ ಪ್ರಕಾರ ಪ್ರತಿಯೊಬ್ಬ ಸಂಶೋಧನಾ ವಿದ್ಯಾರ್ಥಿಗೂ ಒಂದು ಸಂಶೋಧನಾ ಸಲಹಾ ಸಮಿತಿ ಇರಬೇಕು, ಅದರ ಮುಂದೆ ಆಗಾಗ ಪ್ರಗತಿ ಹೇಳಬೇಕು. ಅಲ್ಲಿ ಗೈಡ್ ಬಿಟ್ಟು ಬೇರೆಯವರೂ ಕೂತಿರುತ್ತಾರೆ. ನಿಮ್ಮ ಕೆಲಸ ಓದುವುದು ಅವರ ಕರ್ತವ್ಯ. ಸಹಿ ಹಾಕಿಸಿಕೊಂಡು ಬಂದುಬಿಡಬೇಡಿ, ಅವರ ಕೈಗೆ ಒಂದು ಅಧ್ಯಾಯ ಕೊಡಿ.

ಹುಷಾರಾಗಿರಬೇಕಾದ ಕಡೆಯೂ ಇದೆ. ಬರೆಯದೆ ಹೆಸರು ಹಾಕಿಸಿಕೊಳ್ಳುವವರು, 'ನಿಮ್ಮ ಡೇಟಾ ಕೊಡಿ, ಸೇರಿ ಬರೆಯೋಣ' ಎಂದು ಆಮೇಲೆ ಸುದ್ದಿಯೇ ಇಲ್ಲದವರು ಸಿಗುತ್ತಾರೆ. ಯಾರು ಏನು ಬರೆಯುತ್ತಾರೆ ಎಂದು ಮೊದಲೇ ಮೇಲ್‌ನಲ್ಲಿ ಬರೆದುಕೊಳ್ಳಿ. ಒಪ್ಪಿತ ಸಂಶೋಧನಾ ಪತ್ರಿಕೆಗಳ ಹೆಸರಿದ್ದ ಯುಜಿಸಿಯ ಕೇರ್ ಪಟ್ಟಿ 2025ರಲ್ಲಿ ನಿಂತಿದೆ, ಹಾಗಾಗಿ ಪತ್ರಿಕೆಯನ್ನು ನೀವೇ ಪರೀಕ್ಷಿಸಬೇಕು. ಲೇಖನ ಓದುವ ಮೊದಲೇ ದುಡ್ಡು ಕೇಳಿದರೆ ಅತ್ತ ಹೋಗಬೇಡಿ. ಗೈಡ್ ಆಗಲಿ, ಸಹೋದ್ಯೋಗಿಯಾಗಲಿ ಲೈಂಗಿಕವಾಗಿ ಕಿರುಕುಳ ಕೊಟ್ಟರೆ 2013ರ ಕಾಯ್ದೆ ನಿಮಗೂ ಅನ್ವಯಿಸುತ್ತದೆ, ತಾತ್ಕಾಲಿಕ ನೌಕರರು ಎಂಬ ಭೇದ ಅದರಲ್ಲಿಲ್ಲ. ಕಾಲೇಜಿನ ಆಂತರಿಕ ದೂರು ಸಮಿತಿಗೆ ಮೂರು ತಿಂಗಳೊಳಗೆ ಬರವಣಿಗೆಯಲ್ಲಿ ಕೊಡಬೇಕು.

ಪಿಎಚ್‌ಡಿ ಮುಗಿಯಲಿ, ಆಮೇಲೆ ಉಪನ್ಯಾಸಕರ ಅರ್ಹತಾ ಪರೀಕ್ಷೆಗಳಾದ ನೆಟ್ (ದೇಶಮಟ್ಟದ್ದು) ಅಥವಾ ಕೆಸೆಟ್ (ನಮ್ಮ ರಾಜ್ಯದ್ದು) ಬರೆಯೋಣ ಎಂದು ಕಾಯುತ್ತಿದ್ದರೆ ಕಾಯಬೇಡಿ. 2023ರ ಜುಲೈನಿಂದ ಸಹಾಯಕ ಪ್ರಾಧ್ಯಾಪಕರ ನೇರ ನೇಮಕಾತಿಗೆ ನೆಟ್, ಇಲ್ಲವೇ ರಾಜ್ಯಮಟ್ಟದ ಸೆಟ್ ಅಥವಾ ಸ್ಲೆಟ್ ಕನಿಷ್ಠ ಅರ್ಹತೆ, ಪಿಎಚ್‌ಡಿ ಐಚ್ಛಿಕ. ಮೊದಲು ಆ ಪರೀಕ್ಷೆ ಪಾಸು ಮಾಡಿಕೊಳ್ಳಿ. ಆ ನಾಲ್ವರ ಗುಂಪಿನಲ್ಲಿ ಇನ್ನೂ ಬರೆಯಬೇಕಾದವರು ಇದ್ದರೆ ಒಟ್ಟಿಗೆ ಓದಿ. ಈ ವರ್ಷದ ಸೇವಾ ಪ್ರಮಾಣಪತ್ರವನ್ನು ಸೆಮಿಸ್ಟರ್ ಮುಗಿಯುವ ಮೊದಲೇ ಪ್ರಿನ್ಸಿಪಾಲರ ಸಹಿ, ಸೀಲು ಸಮೇತ ತೆಗೆದುಕೊಳ್ಳಿ. ಎನ್ಎಸ್ಎಸ್ ಸಮೀಕ್ಷೆಯ ವರದಿಯಲ್ಲಿ ನಿಮ್ಮ ಹೆಸರು, ಮಕ್ಕಳ ಹೆಸರು ಇದೆಯಾ ಎಂದು ನೋಡಿ, ಅದರ ಒಂದು ಪ್ರತಿಯನ್ನೂ ಜೊತೆಗಿಟ್ಟುಕೊಳ್ಳಿ.